ಎಡಗಡೆ ಸೀಟಿನಲ್ಲಿ ಕೂತವರು ಯಾರು?

"ಮುಟ್ಟಬೇಡಿ ಮೇಡಂ," ಅಂದ ಬೋಲ್ಟಣ್ಣ.

ಅಷ್ಟರಲ್ಲಿ ನಾನು ಮುಟ್ಟಿಯಾಗಿತ್ತು. ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿದವಳಿಗೆ ಯಾರಾದರೂ 'ಮುಟ್ಟಬೇಡಿ' ಅಂದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಈಗ ನಿವೃತ್ತಿಯಾಗಿ ಖಾಸಗಿ ಪತ್ತೇದಾರಿಣಿ ಅಂತ ಬೋರ್ಡು ಹಾಕಿಕೊಂಡ ಮೇಲಂತೂ ಹೇಳುವವರಿಲ್ಲ, ಕೇಳುವವರಿಲ್ಲ.

ವಿಮಾನ ನಿಲ್ಲಿಸುವ ಆ ತಗಡಿನ ಶೆಡ್ಡಿನ ನೆಲದ ತುಂಬ ನೀಲಿ ಟಾರ್ಪಾಲು ಹಾಸಿತ್ತು. ಅದರ ಮೇಲೆ ಬೆಟ್ಟದಿಂದ ಹೊತ್ತು ತಂದ ಪುಟ್ಟ ವಿಮಾನದ ಚೂರುಗಳು. ಬಾಲ ಒಂದು ಕಡೆ, ನುಜ್ಜಾದ ಬಲ ರೆಕ್ಕೆ ಒಂದು ಕಡೆ, ನಡುವೆ ಇಬ್ಬರು ಕೂರುವಷ್ಟೇ ಜಾಗದ ಮುಂಭಾಗ. ಎರಡು ಸೀಟು, ಎರಡು ಚುಕ್ಕಾಣಿ. ನಾನು ಮುಟ್ಟಿದ್ದು ಎಡಗಡೆ ಸೀಟನ್ನು.

ಹತ್ತು ದಿನದ ಹಿಂದೆ, ಬೆಳಿಗ್ಗೆ ಆರೂ ಮುಕ್ಕಾಲಿಗೆ, ಈ ಊರಿನ ಅರ್ಧಕ್ಕರ್ಧ ಪೈಲಟ್‌ಗಳಿಗೆ ಹಾರುವುದನ್ನು ಕಲಿಸಿದ ಮೇಷ್ಟ್ರು ಇದೇ ವಿಮಾನದಲ್ಲಿ ಒಬ್ಬರೇ ಹೊರಟು ಬೆಟ್ಟಕ್ಕೆ ಬಡಿದು ಸತ್ತರು ಅನ್ನುವುದು ದಾಖಲೆ. ನಾಳೆ ಹತ್ತು ಗಂಟೆಗೆ ವರದಿಗೆ ಸಹಿ ಬೀಳಲಿತ್ತು. ವರದಿಯ ಕೊನೆಯಲ್ಲಿ ಎರಡೇ ಮಾತು: ಚಾಲಕನ ಅಜಾಗರೂಕತೆ.

"ಅವರು ಸತ್ತಿದ್ದನ್ನ ಹೇಗೋ ಸಹಿಸ್ಕೋತೀನಿ," ಅಂದಿದ್ದರು ನನ್ನನ್ನು ಕರೆಸಿದ ಅವರ ಹೆಂಡತಿ. "ದಡ್ಡರ ಹಾಗೆ ಸತ್ತರು ಅಂತ ಬರೆಯೋದನ್ನ ಮಾತ್ರ ಸಹಿಸಲ್ಲ. ಇನ್ನೂರು ಜನಕ್ಕೆ ಬೆಟ್ಟ ದಾಟೋದನ್ನ ಹೇಳಿಕೊಟ್ಟವರು ಅವರು."

ಆ ಮಾತು ನನಗೆ ನಾಟಿತ್ತು. ಸತ್ತವರ ಮೇಲೆ ಗೂಬೆ ಕೂರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅವರು ಎದ್ದು ಬಂದು ಅಲ್ಲ ಅನ್ನುವುದಿಲ್ಲವಲ್ಲ.

"ಸರಿ, ಮುಟ್ಟಲ್ಲ ಬಿಡಿ," ಅಂದೆ. "ನನಗೆ ನೆಲದ ಮೇಲೆ ಸ್ಟೂಲು ಹತ್ತೋಕೇ ತಲೆ ತಿರುಗತ್ತೆ. ಬೆಟ್ಟದ ಮೇಲೆ ಹೇಗೆ ಹಾರಬೇಕು ಅಂತ ಒಂದು ಸಲ ಹೇಳಿ."

ಬೋಲ್ಟಣ್ಣನ ಮುಖ ಸಡಿಲವಾಯಿತು. ಅವನು ಈ ಹಾರಾಟ ಸಂಘದ ಮೆಕ್ಯಾನಿಕ್. ಐವತ್ತು ದಾಟಿದ ಗಟ್ಟಿ ಆಳು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತಿರಬೇಕು, ಎಲ್ಲರಿಗೂ ಅವನು ಬೋಲ್ಟಣ್ಣನೇ. ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಒಂದು ಗೆರೆ ಎಳೆದ.

"ಇದು ಬೆಟ್ಟದ ಸಾಲು. ಇಲ್ಲಿ ಎರಡು ಶಿಖರದ ನಡುವೆ ತಗ್ಗಿದೆಯಲ್ಲ, ಇದಕ್ಕೆ ನಾವು ಬಾಗಿಲು ಅಂತೀವಿ. ಆ ಕಡೆ ಹೋಗೋಕೆ ಇರೋದು ಇದೊಂದೇ ದಾರಿ. ಬಾಗಿಲಿಗಿಂತ ಎರಡು ಸಾವಿರ ಅಡಿ ಮೇಲಿರಬೇಕು. ಬೆಳಿಗ್ಗೆ ಒಂಬತ್ತರ ಒಳಗೆ ದಾಟಿಬಿಡಬೇಕು. ಆಮೇಲೆ ಗಾಳಿ ಏಳತ್ತೆ."

"ಗಾಳಿ ಎದ್ರೆ ಏನಾಗತ್ತೆ?"

"ಗಾಳಿ ನೀರಿದ್ದ ಹಾಗೆ ಮೇಡಂ. ಬೆಟ್ಟದ ಆ ಮೈ ಹತ್ತತ್ತೆ, ಈ ಮೈಗೆ ಸುರಿಯತ್ತೆ. ಸುರಿಯೋ ಕಡೆ ಸಿಕ್ಕಿಹಾಕ್ಕೊಂಡ್ರೆ ಎಂಜಿನ್ ಎಷ್ಟು ಬಾಯಿ ಬಡ್ಕೊಂಡ್ರೂ ವಿಮಾನ ಇಳೀತಾನೇ ಇರತ್ತೆ." ಗೆರೆಯ ಕಡೆಗೆ ಓರೆಯಾಗಿ ಒಂದು ಬಾಣ ಬರೆದ. "ಅದಕ್ಕೇ ಮೇಷ್ಟ್ರು ಹೇಳ್ತಿದ್ದಿದ್ದು, ಬೆಟ್ಟಕ್ಕೆ ಎದೆ ಕೊಡಬೇಡ, ಭುಜ ಕೊಡು ಅಂತ. ಯಾವಾಗಲೂ ಓರೆಯಾಗಿ ಹೋಗಬೇಕು. ಆಗಲ್ಲ ಅನ್ನಿಸಿದ ತಕ್ಷಣ ಸ್ವಲ್ಪ ತಿರುಗಿಸಿದ್ರೆ ಸಾಕು, ಮೂತಿ ಕಣಿವೆ ಕಡೆ ಬಂದುಬಿಡತ್ತೆ. ನೆಟ್ಟಗೆ ನುಗ್ಗಿದರೋ, ಪೂರ್ತಿ ಸುತ್ತು ಹೊಡೀಬೇಕು. ಅಷ್ಟು ಜಾಗ ಅಲ್ಲಿ ಯಾರಪ್ಪನ ಮನೇಲಿದೆ?"

ಚೆನ್ನಾಗಿ ಹೇಳುತ್ತಾನೆ. ಬೆಟ್ಟದ ಬಗ್ಗೆ ಕೇಳಿದರೆ ಪುರಾಣ ಬಿಚ್ಚುತ್ತಾನೆ. ಎರಡು ದಿನದಿಂದ ನೋಡುತ್ತಿದ್ದೇನೆ, ವಿಮಾನದ ಬಗ್ಗೆ ಕೇಳಿದರೆ ಮಾತ್ರ ಬಾಯಿಗೆ ಬೀಗ.

ನಾನು ಬ್ಯಾಗಿನಿಂದ ವರದಿಯ ಫೋಟೋ ತೆಗೆದು ಅವನ ಬಾಣದ ಪಕ್ಕದಲ್ಲಿ ಇಟ್ಟೆ. ಮೇಲಿಂದ ತೆಗೆದದ್ದು. ಬಂಡೆ, ಕುರುಚಲು ಗಿಡ, ನಡುವೆ ವಿಮಾನ. ಮೂತಿ ಬೆಟ್ಟದ ಕಡೆಗೆ, ನೆಟ್ಟಗೆ.

"ಭುಜ ಕೊಡು ಅಂದವರು ತಾವೇ ಎದೆ ಕೊಟ್ಟಿದ್ದಾರಲ್ಲ?"

"ಮನುಷ್ಯರು ಮೇಡಂ. ಮರೀತಾರೆ."

"ಮೂವತ್ತು ವರ್ಷ ಪಾಠ ಮಾಡಿದ್ದನ್ನ?"

ಅವನು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಕೈ ಒರೆಸಿಕೊಂಡ.

"ಇನ್ನೊಂದು ಪೆದ್ದು ಪ್ರಶ್ನೆ," ಅಂದೆ. "ಈ ವಿಮಾನದಲ್ಲಿ ಒಬ್ಬರೇ ಹೋಗೋವಾಗ ಯಾವ ಸೀಟಲ್ಲಿ ಕೂರ್ತಾರೆ?"

"ಎಡಗಡೆ." ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಬಂದಮೇಲೆ ಅವನ ಕತ್ತಿನ ನರ ಬಿಗಿಯಾಯಿತು.

"ಬಲಗಡೆ?"

"ಬಲಗಡೆ... ಕಲಿಸೋರು."

"ವರದಿ ಆರನೇ ಪುಟದಲ್ಲಿದೆ ಬೋಲ್ಟಣ್ಣ. ಮೃತದೇಹ ಬಲಗಡೆ ಸೀಟಿನಲ್ಲಿ, ಬೆಲ್ಟು ಹಾಕಿದ ಸ್ಥಿತಿಯಲ್ಲಿತ್ತು ಅಂತ. ಬರೆದೋರಿಗೆ ಸೀಟು ಅಂದ್ರೆ ಸೀಟು, ಅಷ್ಟೇ. ಬಸ್ಸಿನ ಸೀಟಿನ ಹಾಗೆ. ನಿಮಗೆ ಹಾಗಲ್ಲವಲ್ಲ?"

"ಅಭ್ಯಾಸ ಬಲ ಮೇಡಂ. ಮೂವತ್ತು ವರ್ಷ ಬಲಗಡೆ ಕೂತು ಕೂತು..."

"ಆಗಲೇ ಮೂವತ್ತು ವರ್ಷದ್ದನ್ನ ಮರೆತರು ಅಂದ್ರಿ. ಈಗ ಮೂವತ್ತು ವರ್ಷದ ಅಭ್ಯಾಸ ಬಿಡಲಿಲ್ಲ ಅಂತೀರಿ. ಎರಡರಲ್ಲಿ ಒಂದು ಇಟ್ಕೊಳ್ಳಿ."

ಅವನು ಮೇಜಿನ ಮೇಲಿನ ಸ್ಪ್ಯಾನರ್ ಎತ್ತಿಕೊಂಡು ಒರೆಸತೊಡಗಿದ. ಅದು ಮೊದಲೇ ಫಳಫಳ ಹೊಳೆಯುತ್ತಿತ್ತು.

ನಾನು ಮಂಡಿಯೂರಿದೆ. ಮಂಡಿ ಲಟಕ್ಕೆಂದಿತು, ನನ್ನ ವಯಸ್ಸಿಗೆ ಅದು ಇದ್ದದ್ದೇ. ಎಡಗಡೆ ಸೀಟಿನ ಕೆಳಗೆ ಉಕ್ಕಿನ ಪಟ್ಟಿ, ಅದರ ಉದ್ದಕ್ಕೂ ಸಾಲಾಗಿ ತೂತುಗಳು. ಸೀಟನ್ನು ಹಿಂದೆ ಮುಂದೆ ಸರಿಸಿ, ತಮ್ಮ ಕಾಲಿನ ಉದ್ದಕ್ಕೆ ಸರಿಯಾದ ತೂತಿಗೆ ಮೊಳೆ ಇಳಿಸಬೇಕು. ಸೈಕಲ್ ಸೀಟು ಏರಿಸಿ ಇಳಿಸುವ ಹಾಗೆಯೇ.

ಈಗ ಸೀಟು ಇದ್ದದ್ದು ತೀರಾ ಹಿಂದೆ, ಆರಡಿ ಎತ್ತರದ ಮೇಷ್ಟ್ರಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಆ ಕೊನೆಯ ತೂತು ಹೊಸದರ ಹಾಗೆ ಗುಂಡಗಿತ್ತು. ಮೊಳೆ ಅದರೊಳಗೆ ಪೂರ್ತಿ ಇಳಿದೂ ಇರಲಿಲ್ಲ. ಸೊಟ್ಟಗಾದ ಮೊಳೆ ಇಳಿಯುವುದಾದರೂ ಹೇಗೆ?

ಮುಂದಿನಿಂದ ಮೂರನೆಯ ತೂತು ಹರಿದು ಮೊಟ್ಟೆಯ ಆಕಾರಕ್ಕೆ ಬಂದಿತ್ತು.

"ಬಿದ್ದಾಗ ಮೊಳೆ ಇದ್ದದ್ದು ಇಲ್ಲಿ," ಅಂದೆ, ಅದರ ಮೇಲೆ ಬೆರಳಿಟ್ಟು. "ಏಟಿಗೆ ತೂತು ಹರೀತು, ಮೊಳೆ ಬಾಗಿತು. ಆಮೇಲೆ ಯಾರೋ ಸುತ್ತಿಗೇಲಿ ಹೊಡೆದು ಮೊಳೆ ಎತ್ತಿ, ಸೀಟನ್ನ ಹಿಂದಕ್ಕೆ ತಳ್ಳಿದ್ದಾರೆ. ಸುತ್ತಿಗೆ ಗುರುತು ಇಲ್ಲೇ ಇದೆ. ಮೂರನೇ ತೂತಿಗೆ ಹಾಕ್ಕೊಂಡು ಮೇಷ್ಟ್ರು ಕೂತಿದ್ರೆ ಮಂಡಿ ಗಲ್ಲಕ್ಕೆ ತಾಗ್ತಿತ್ತು. ಕೂತಿದ್ದು ಗಿಡ್ಡ ಆಳು. ಹೌದಾ?"

ಅವನು ಸ್ಪ್ಯಾನರನ್ನು ಇನ್ನಷ್ಟು ಜೋರಾಗಿ ಒರೆಸಿದ.

"ಬೆಟ್ಟಕ್ಕೆ ಎಲ್ಲರಿಗಿಂತ ಮೊದಲು ಹೋದೋರು ಯಾರು?"

"ನಾನು ಸುತ್ತಿಗೆ ತಗೊಂಡು ಹೋಗಿರಲಿಲ್ಲ!"

ನಾನು ಹಾಗಂತ ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅದು ಅವನಿಗೂ ಗೊತ್ತಾಯಿತು. ಸ್ಪ್ಯಾನರ್ ಕೆಳಗಿಟ್ಟು ಟೈರಿನ ಮೇಲೆ ಕುಸಿದು ಕೂತ. ಅಷ್ಟು ದೊಡ್ಡ ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುವುದನ್ನು ನೋಡಲು ನನಗೂ ಕಷ್ಟವಾಯಿತು.

"ಅವರೇ ಹೇಳಿದ್ರು ಮೇಡಂ," ಅಂದ. "ನಾನು ಹೋದಾಗ ಮೇಷ್ಟ್ರಿಗೆ ಇನ್ನೂ ಜೀವ ಇತ್ತು."

"ಜೀವ ಇತ್ತಾ?"

"ಹತ್ತು ನಿಮಿಷ ಇದ್ರೇನೋ. ಸೀಟು ಹಿಂದೆ ತಳ್ಳು, ನಾನೊಬ್ಬನೇ ಬಂದಿದ್ದೆ ಅಂತ ಹೇಳು ಅಂದ್ರು. ಎಳೇ ಜೀವ, ಅದರ ಬಾಳು ಹಾಳಾಗಬಾರದು ಅಂದ್ರು. ಆಮೇಲೆ ಬಡಬಡಿಸೋಕೆ ಶುರು ಮಾಡಿದ್ರು. ಬಲಕ್ಕೆ ತಿರುಗಿಸು, ಕಣಿವೆ ಬಲಕ್ಕಿದೆ, ಬಲಕ್ಕೆ, ಬಲಕ್ಕೆ... ಅದನ್ನೇ ಹೇಳ್ತಾ ಹೇಳ್ತಾ ಹೋಗಿಬಿಟ್ರು. ನನ್ನ ತೊಡೆ ಮೇಲೆ."

"ಎಡಗಡೆ ಕೂತಿದ್ದೋರು ಯಾರು?"

"ಅದೊಂದು ಕೇಳಬೇಡಿ. ಸಾಯೋರಿಗೆ ಮಾತು ಕೊಟ್ಟಿದ್ದೀನಿ."

"ನಿಮ್ಮ ಮಾತು ಉಳಿಸ್ಕೊಳ್ಳೋಕೆ ಅವರ ಹೆಸರಿಗೆ ಮಸಿ ಬಳೀತೀರಾ?"

"ಅವರೇ ಬಳ್ಕೊಂಡಿದ್ದು ಮೇಡಂ." ಕಣ್ಣೊರೆಸಿಕೊಂಡು ನನ್ನನ್ನು ನೋಡಿದ. "ನಾಳೆ ಬೆಳಿಗ್ಗೆವರೆಗೆ ಟೈಮ್ ಕೊಡಿ. ನಾನೇ ಮೇಷ್ಟ್ರ ಮನೆಗೆ ಬಂದು ಅಕ್ಕಾವ್ರ ಕಾಲು ಹಿಡ್ಕೊಂಡು ಎಲ್ಲಾ ಹೇಳ್ತೀನಿ. ಈಗ ನನ್ನ ಪಾಡಿಗೆ ನನ್ನನ್ನ ಸ್ವಲ್ಪ ಹೊತ್ತು ಬಿಟ್ಟುಬಿಡಿ."

ಬಿಟ್ಟೆ. ನನ್ನ ಮನಸ್ಸು ಕರಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಇಲಾಖೆಯಲ್ಲಿದ್ದಾಗ ಹೀಗೆ ಕರಗಿದ ಒಂದೊಂದು ಸಲಕ್ಕೂ ಬೈಸಿಕೊಂಡಿದ್ದೆ. ಬುದ್ಧಿ ಮಾತ್ರ ಬರಲಿಲ್ಲ.

ಮೇಷ್ಟ್ರ ಮನೆಗೆ ಅಲ್ಲಿಂದ ಅರ್ಧ ಗಂಟೆ ನಡಿಗೆ. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗಂಡನ ಹೆಸರು ಉಳಿಸಿ ಅಂದ ಹೆಂಗಸಿಗೆ, ನಿಮ್ಮ ಗಂಡನೇ ಬೇಕೆಂದು ಹೆಸರು ಕೆಡಿಸಿಕೊಂಡರು ಅಂತ ಹೇಗೆ ಹೇಳುವುದು? ಹೇಳದೆ ಇರುವುದಾದರೂ ಹೇಗೆ? ನಾಳೆ ಹತ್ತು ಗಂಟೆ ಹತ್ತಿರ ಬರುತ್ತಿತ್ತು.

ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ಇದ್ದರು. ನನಗಿಂತ ಆರೇಳು ವರ್ಷ ದೊಡ್ಡವರು. ಮೊದಲ ದಿನದಿಂದಲೂ ನಾನು ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಆಸ್ಪತ್ರೆಯ ಅಪಘಾತದ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ಎಂಥ ಸುದ್ದಿಯನ್ನೂ ನಿಂತುಕೊಂಡೇ ಕೇಳುವ ಅಭ್ಯಾಸ.

"ಮೆಲ್ಲಗೆ ಮಾತಾಡಿ," ಅಂದರು. "ಒಳಗೆ ಮಗಳು ಮಲಗಿದ್ದಾಳೆ. ಅಪ್ಪ ಹೋದಾಗಿಂದ ಜ್ವರ ಬಿಟ್ಟಿಲ್ಲ. ಬಚ್ಚಲಲ್ಲಿ ಬೇರೆ ಜಾರಿ ಬಿದ್ದು ಕೈ ಉಳುಕಿಸಿಕೊಂಡಿದ್ದಾಳೆ. ಕೆಟ್ಟ ಕಾಲ ಒಂಟಿಯಾಗಿ ಬರಲ್ಲ ನೋಡಿ."

ಅಡುಗೆಮನೆಯ ಮೇಜಿನ ಎರಡು ಬದಿಗೆ ಕೂತೆವು. ಅವರು ಕಾಫಿ ಕೊಟ್ಟರು. ನಾನು ಮುಟ್ಟಲಿಲ್ಲ. ಮೂರನೇ ತೂತಿನಿಂದ ಶುರು ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದೆ. ಬಂಡೆಯ ಪಕ್ಕದ ಹತ್ತು ನಿಮಿಷ, ಬೋಲ್ಟಣ್ಣನ ತೊಡೆ, ಕೊನೆಯ ಮಾತು.

"ಹೋಗೋವಾಗ ಅವರು ಒಂಟಿಯಾಗಿರಲಿಲ್ಲ ಅಕ್ಕ," ಅಂತಲೂ ಸೇರಿಸಿದೆ. ಅದರಿಂದ ಅವರಿಗೆ ಸಮಾಧಾನವಾದೀತು ಅಂತ ನನ್ನ ಲೆಕ್ಕ.

ಅಕ್ಕ ತಲೆ ತಗ್ಗಿಸಿ ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಇದು ನಿಜ ಆಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು," ಅಂದರು.

"ಅಂದ್ರೆ?"

"ಶವಾಗಾರಕ್ಕೆ ಹೋಗಿ ಗುರುತು ಹಿಡಿದಿದ್ದು ನಾನು. ಇಪ್ಪತ್ತೆರಡು ವರ್ಷ ಇಂಥವನ್ನೇ ನೋಡಿದ ಕಣ್ಣು ಇದು. ಕತ್ತು ಮುರಿದಿತ್ತು. ತಲೆಬುರುಡೆಯ ಬುಡದಲ್ಲೇ. ಡಾಕ್ಟರೂ ಹಾಗೇ ಬರೆದುಕೊಟ್ಟಿದ್ದಾರೆ, ಬಡಿದ ಕ್ಷಣಾನೇ ಪ್ರಾಣ ಹೋಗಿದೆ ಅಂತ. ಹತ್ತು ನಿಮಿಷ ಅಲ್ಲ, ಅಮ್ಮಾ ಅನ್ನೋಷ್ಟು ಹೊತ್ತೂ ಇರಲಿಲ್ಲ."

ಡಾಕ್ಟರ ಕಾಗದ ಬೇರೆ ಲಕೋಟೆಯಲ್ಲಿ ಮನೆಯವರಿಗೆ ಬಂದಿತ್ತು. ನಾನು ಅದನ್ನು ಕೇಳಿ ಓದಬೇಕಾಗಿತ್ತು, ಓದಿರಲಿಲ್ಲ. ನನ್ನ ಕಿವಿ ಬಿಸಿಯಾದವು. ಇಂಥ ತಪ್ಪು ಮಾಡಿದ ಹೊಸ ಪೇದೆಗಳನ್ನು ನಾನೇ ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ.

"ಹಾಗಾದ್ರೆ ಆ ಮಾತೆಲ್ಲ ಅವನು ಹೊಸೆದಿದ್ದು," ಅಂದೆ.

"ಎಲ್ಲಾ ಅಲ್ಲ." ಅಕ್ಕ ತಲೆ ಎತ್ತಿದರು. "ಬಲಕ್ಕೆ ತಿರುಗಿಸು, ಕಣಿವೆ ಬಲಕ್ಕಿದೆ. ಇದನ್ನ ಹೊಸೆಯೋ ಬುದ್ಧಿ ಬೋಲ್ಟಣ್ಣನಿಗೆ ಇಲ್ಲ. ಸುಳ್ಳು ಹೇಳೋನು ಇನ್ನೇನಾದ್ರೂ ಹೇಳ್ತಿದ್ದ. ನನ್ನ ನೆನೆಸಿಕೊಂಡ್ರು ಅಂತಲೋ, ಮಗಳನ್ನ ನೋಡ್ಕೋ ಅಂದ್ರು ಅಂತಲೋ. ಇದು ವಿಮಾನದೊಳಗಿನ ಮಾತು. ಬಡಿಯೋಕೆ ಮೊದಲು ಹೇಳಿದ್ದು."

"ಬಡಿಯೋಕೆ ಮೊದಲು ಬೋಲ್ಟಣ್ಣ ಅಲ್ಲಿರಲಿಲ್ಲ."

"ಇರಲಿಲ್ಲ. ಕೇಳಿಸ್ಕೊಂಡೋರು ಇನ್ನೊಬ್ಬರು. ಅವರು ಬಂದು ಇವನಿಗೆ ಹೇಳಿದ್ದಾರೆ."

ಹೇಳಿ ಮುಗಿಸಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಈ ಎರಡು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗ ನೋಡಿದೆ.

"ಅಂದ್ರೆ ಅವರು ಸರಿಯಾಗೇ ಹೇಳಿಕೊಡ್ತಿದ್ದರು," ಅಂದರು ಬಿಕ್ಕುತ್ತಾ. "ಕೊನೇ ಕ್ಷಣದವರೆಗೂ ಸರಿಯಾಗೇ ಹೇಳ್ತಿದ್ದರು. ಎಡಗಡೆ ಕೂತಿದ್ದ ಆ ಪಾಪಿ ತಿರುಗಿಸಲಿಲ್ಲ. ಯಾರು ಅದು? ಯಾವ ಕೈ ಅದು, ಹೇಳಿ. ನಾಳೆ ಎಲ್ಲರ ಎದುರಿಗೆ ನಿಲ್ಲಿಸಿ ಕೇಳ್ತೀನಿ, ಯಾಕೆ ತಿರುಗಿಸಲಿಲ್ಲ ಅಂತ."

ಒಳಕೋಣೆಯ ಬಾಗಿಲು ತೆರೆಯಿತು.

ಮಗಳು ಚೌಕಟ್ಟು ಹಿಡಿದು ನಿಂತಿದ್ದಳು. ಇಪ್ಪತ್ತೈದರ ಹುಡುಗಿ, ಎತ್ತರದಲ್ಲಿ ತಾಯಿಯ ಹಾಗೆ ಐದಡಿ ದಾಟುವುದೂ ಅನುಮಾನ. ಬಲ ಮಣಿಕಟ್ಟಿಗೆ ಬ್ಯಾಂಡೇಜು. ಅದರ ಮೇಲೆ, ಮೊಣಕೈವರೆಗೆ, ತರಚಿದ ಗೆರೆಗಳು. ಬಚ್ಚಲಲ್ಲಿ ಜಾರಿದರೆ ಕುರುಚಲು ಗಿಡ ತರಚುವುದಿಲ್ಲ.

ಅಕ್ಕ ಅವಳ ಕೈ ನೋಡಿದರು. ಆಮೇಲೆ ಮುಖ ನೋಡಿದರು. ನರ್ಸಿನ ಕಣ್ಣಿಗೆ ಇಷ್ಟು ದಿನ ಅದು ಹೇಗೆ ಕಾಣಲಿಲ್ಲವೋ ಗೊತ್ತಿಲ್ಲ. ತಾಯಿಯ ಕಣ್ಣು ಅಡ್ಡ ಬಂದಿರಬೇಕು.

"ನೀನಾ?" ಅಂದರು. ಸ್ವರವೇ ಇರಲಿಲ್ಲ.

"ನಾನೂ ಹಾರೋದು ಕಲೀತಿದ್ದೆನಲ್ಲ, ಹೊರಡೋವಾಗ ನಾನೂ ಬರ್ತೀನಿ ಅಂದೆ. ಅಪ್ಪ, ಸರಿ ನೀನೇ ಓಡಿಸು ಅಂತ ಎಡಗಡೆ ಕೂರಿಸಿದ್ರು. ರಿಜಿಸ್ಟರಲ್ಲಿ ಅಪ್ಪನ ಹೆಸರು ಆಗಲೇ ಬರೆದಾಗಿತ್ತು, ನನ್ನದು ಸೇರಿಸಲಿಲ್ಲ." ಅವಳ ಮಾತು ತಡವರಿಸುತ್ತಿತ್ತು. "ಬಿದ್ದಮೇಲೆ ನಾನು ಅಪ್ಪನ್ನ ಎಬ್ಬಿಸಿದೆ ಅಮ್ಮ. ತುಂಬಾ ಹೊತ್ತು ಎಬ್ಬಿಸಿದೆ. ಆಮೇಲೆ ಬೋಲ್ಟು ಮಾಮಂಗೆ ಫೋನ್ ಮಾಡಿದೆ. ಅವರು ಬಂದು, ನೀನು ಇಲ್ಲಿರಲೇ ಇಲ್ಲ, ಹಿಂದಿನ ದಾರೀಲಿ ಇಳಿದು ಹೋಗು ಅಂದ್ರು. ಅಪ್ಪನ್ನ ಕೊಂದೋಳು ಅಂತ ಜೀವನವಿಡೀ ಅನ್ನಿಸ್ಕೋತೀಯಾ ಅಂದ್ರು."

ಅಕ್ಕ ಎದ್ದು ನಿಂತರು. ಗಂಡನ ಹೆಸರು ಉಳಿಯಬೇಕಾದರೆ ಮಗಳ ಹೆಸರು ಬರೆಯಬೇಕು. ಅದು ಅವರಿಗೂ ಗೊತ್ತಾಯಿತು, ನನಗೂ. ಅವರು ಕೈ ಎತ್ತುತ್ತಾರೋ ಅಪ್ಪಿಕೊಳ್ಳುತ್ತಾರೋ ಅಂತ ನಾನು ನೋಡುತ್ತಿದ್ದೆ. ಎರಡನ್ನೂ ಮಾಡಲಿಲ್ಲ.

"ಬಲಕ್ಕೆ ತಿರುಗಿಸು ಅಂದ್ರಲ್ಲ ಅಪ್ಪ," ಅಂದರು. "ಯಾಕೆ ತಿರುಗಿಸಲಿಲ್ಲ?"

"ತಿರುಗಿಸಿದೆ ಅಮ್ಮ."

"ಏನು?"

"ಅಪ್ಪ ಹೇಳಿದ ತಕ್ಷಣ ತಿರುಗಿಸಿದೆ. ನಾವು ಭುಜ ಕೊಟ್ಟೇ ಹೋಗ್ತಿದ್ವಿ. ವಿಮಾನ ಇಳೀತಿತ್ತು, ಇವತ್ತು ಬೇಡ, ವಾಪಸ್ ಹೋಗೋಣ ಅಂದ್ರು ಅಪ್ಪ. ಆಗ ಸ್ವಲ್ಪ ಎಡಕ್ಕೆ ವಾಲಿತ್ತು. ನಾನು ಚುಕ್ಕಾಣಿ ಬಲಕ್ಕೆ ತಿರುಗಿಸೋಕೆ ಹೋದ್ರೆ ಎಲ್ಲೋ ಒಳಗೆ ಕಚ್ಚಿಕೊಂಡ ಹಾಗೆ ನಿಂತುಬಿಡ್ತು. ಅಪ್ಪ ಬಲಕ್ಕೆ, ಬಲಕ್ಕೆ ಅಂತಾನೇ ತಮ್ಮದನ್ನೂ ಹಿಡಿದು ತಿರುಗಿಸಿದ್ರು. ಇಬ್ಬರ ಬಲ ಸೇರಿದ್ರೂ ಅಲ್ಲಾಡಲಿಲ್ಲ. ವಾಲಿದ್ದು ವಾಲಿದ ಹಾಗೇ ಇತ್ತು. ವಿಮಾನ ತಾನಾಗೇ ಎಡಕ್ಕೆ ಮೂತಿ ತಿರುಗಿಸ್ಕೊಂಡು ಬೆಟ್ಟದ ಎದುರಿಗೆ ಬಂತು."

ನಾನು ಕುರ್ಚಿಯಿಂದ ಎದ್ದೆ.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ ಮಗಳೇ?" ಅಂತ ಕೇಳಿದೆ.

"ಬೋಲ್ಟು ಮಾಮಂಗೆ ಒಬ್ಬರಿಗೇ. ಅಲ್ಲೇ, ಬಂಡೆ ಹತ್ರ. ಅವರು ನನ್ನ ಬಾಯಿ ಮುಚ್ಚಿಬಿಟ್ರು. ಇದೊಂದು ಮಾತ್ರ ಯಾರ ಹತ್ರಾನೂ ಹೇಳಬೇಡ, ಭಯಕ್ಕೆ ನಿಂಗೆ ಹಾಗನ್ನಿಸಿದೆ ಅಂದ್ರು. ಹತ್ತು ದಿನದಿಂದ ನನಗೂ ಹಾಗೇ ಅನ್ನಿಸ್ತಿತ್ತು."

ಚುಕ್ಕಾಣಿಯಿಂದ ರೆಕ್ಕೆಗೆ ಹೋಗುವ ತಂತಿ ಆ ನೀಲಿ ಟಾರ್ಪಾಲಿನ ಮೇಲೆ ಎಲ್ಲೋ ಇರಬೇಕು. ಅದು ಎಲ್ಲಿ ಕಚ್ಚಿಕೊಂಡಿತು, ಯಾರ ಕೈಯ ಕೆಲಸದಿಂದ ಕಚ್ಚಿಕೊಂಡಿತು ಅಂತ ಹೇಳುವ ಸಾಕ್ಷಿ ಇಡೀ ಲೋಕದಲ್ಲಿ ಅದೊಂದೇ. ನಾನು ಬೋಲ್ಟಣ್ಣನ ಕಣ್ಣೀರಿಗೆ ಮರುಗಿ, ಅವನನ್ನು ಅದರ ಜೊತೆ ಒಬ್ಬನೇ ಬಿಟ್ಟು ಬಂದು ಒಂದು ಗಂಟೆಯ ಮೇಲಾಗಿತ್ತು.